ಹೆಸರು ಗಾಳಿಮರದ್ದು, ದುಡಿಮೆ ಬಳ್ಳಿಯದು

ಕಾರವಾರದ ಕಡಲತೀರಕ್ಕೆ ಗಾಳಿಮರ ಬಂದದ್ದು 1868ರಲ್ಲಿ. ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ ಆಗ ಆರು ವರ್ಷವಾಗಿತ್ತು. ಘಟ್ಟದ ಮೇಲಿನವರು ಸರ್ವೆ ಎನ್ನುವ ಈ ಮರದ ತವರು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಮತ್ತು ಶಾಂತಸಾಗರದ ದ್ವೀಪಗಳು. ಉಪ್ಪುಗಾಳಿಗೆ ಅದು ಜಗ್ಗದು. ಬೇರಿನ ಗಂಟುಗಳಲ್ಲಿ ನೆಲೆಸಿದ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಒದಗಿಸಿಕೊಡುವುದರಿಂದ ಬರೀ ಮರಳಿನಲ್ಲೂ ಸರಸರನೆ ಬೆಳೆಯುತ್ತದೆ. ಸೌದೆಗೂ ಒಳ್ಳೆಯದು.

1883ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ತಮ್ಮನಿಗೆ ಇಪ್ಪತ್ತೆರಡರ ಪ್ರಾಯ. ‘ಪ್ರಕೃತಿರ ಪ್ರತಿಶೋಧ’ ನಾಟಕ ಹುಟ್ಟಿದ್ದು ಇಲ್ಲೇ. ಮುಂದೆ ಬರೆದ ನೆನಪುಗಳಲ್ಲಿ ಅವರು ಅರ್ಧಚಂದ್ರಾಕಾರದ ಈ ತೀರವನ್ನೂ ಅದರಂಚಿನ ಗಾಳಿಮರದ ಕಾಡನ್ನೂ ಮರೆಯಲಿಲ್ಲ. ಕವಿ ಕಂಡ ಆ ಕಾಡಿಗೆ ಹೆಚ್ಚೆಂದರೆ ಹದಿನೈದು ವರ್ಷ! ಅನಾದಿ ಕಾಲದ್ದೆಂಬಂತೆ ಇಂದು ಜನ ನೋಡುವ ನೋಟವೊಂದು ನೆಡುತೋಪಿನಿಂದ ಹುಟ್ಟಿದ್ದು. ತೀರಕ್ಕೆ ಕವಿಯ ಹೆಸರಾಯಿತು, ಮರಕ್ಕೆ ಕಡಲ ಕಾವಲುಗಾರನ ಪಟ್ಟ ಸಿಕ್ಕಿತು.

ಈ ಪಟ್ಟ ಅರ್ಧ ಮಾತ್ರ ನ್ಯಾಯವಾದದ್ದು. ಗಾಳಿಮರ ತಡೆಯುವುದು ಗಾಳಿಯನ್ನು, ಅದು ಹೊತ್ತು ತರುವ ಮರಳನ್ನು. ಅಲೆ ಬುಡದ ಮರಳನ್ನೇ ಕೊರೆದಾಗ ಆಳಕ್ಕಿಳಿಯದ ಬೇರಿನ ಮರ ಉರುಳುತ್ತದೆ. ಒತ್ತಾಗಿ ಬಿದ್ದ ಸೂಜಿಯಂಥ ಕಡ್ಡಿಗಳು ಕೆಳಗೆ ಬೇರೊಂದು ಗಿಡ ಏಳಲು ಬಿಡುವುದಿಲ್ಲ.

ಅಲೆಯೊಡನೆ ನಿಜವಾದ ವ್ಯವಹಾರ ನಡೆಸುವುದು ಮರಳದಿಬ್ಬ. ಮಳೆಗಾಲದ ಅಲೆಗಳು ತೀರದ ಮರಳನ್ನು ಒಯ್ಯುತ್ತವೆ. ಕಡಲು ಶಾಂತವಾದಾಗ ಬಹುಪಾಲು ಮರಳಿ ಬರುತ್ತದೆ. ನಡುವಿನ ಆ ತಿಂಗಳುಗಳಲ್ಲಿ ದಡ ತಿನ್ನುವುದು ದಿಬ್ಬದ ದಾಸ್ತಾನನ್ನು. ಅದನ್ನು ಕೂಡಿಡುವವು ಬಂಗಡೆ ಬಳ್ಳಿ ಮತ್ತು ರಾವಣನ ಮೀಸೆ. ಆಡಿನ ಗೊರಸಿನಾಕಾರದ ಎಲೆ, ನೇರಳೆಗೆಂಪು ಹೂವಿನ ಬಂಗಡೆ ಬಳ್ಳಿ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತಾ ನೀರಿನತ್ತ ಹರಿಯುತ್ತದೆ. ರಾವಣನ ಮೀಸೆ ಚೂಪಾದ ಗರಿಗಳ ಹುಲ್ಲು. ಇವುಗಳ ನಡುವೆ ಗಾಳಿಯ ವೇಗ ತಗ್ಗಿ ಮರಳು ಕೆಳಗೆ ಬೀಳುತ್ತದೆ. ಮುಚ್ಚಿದಷ್ಟೂ ಗಿಡ ಮೇಲೇಳುತ್ತದೆ, ಜೊತೆಗೆ ದಿಬ್ಬವೂ. ಇಷ್ಟು ಕೆಲಸದ ಗಿಡಗಳು ಕಸವೆಂದು ಕಿತ್ತೆಸೆಯಲ್ಪಡುತ್ತವೆ. ಪ್ರವಾಸಿಗರಿಗೆ ಬೇಕಾದದ್ದು ಬೋಳು ಮರಳು.

ದಿಬ್ಬದ ಹಿಂದೆ ಕೇದಗೆ, ಅದರಾಚೆ ಸುರಹೊನ್ನೆಯಂಥ ಊರಮರಗಳಿಗೆ ಜಾಗ. ಅಳಿವೆಯ ಕೆಸರಿನಲ್ಲಿ ದಡ ಕಾಯುವ ಕೆಲಸ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ್ದು. ಹೆಣೆದುಕೊಂಡ ಅದರ ಬೇರುಗಳು ಅಲೆಯ ಬಲ ಕುಗ್ಗಿಸಿ ಹೂಳನ್ನು ಹಿಡಿಯುತ್ತವೆ.

ಈ ಹಸಿರಿಗೂ ಮಿತಿಯಿದೆ. ಕರಾವಳಿಗೆ ಮರಳು ತರುವವು ನದಿಗಳು. ಅಣೆಕಟ್ಟು ಅದನ್ನು ಹಿಂದೆಯೇ ಹಿಡಿದಿಡುತ್ತದೆ. ದಡದುದ್ದಕ್ಕೆ ಸಾಗುವ ಮರಳನ್ನು ಬಂದರಿನ ಅಲೆತಡೆಗೋಡೆ ಅಡ್ಡಗಟ್ಟುತ್ತದೆ. ಇನ್ನೊಂದೆಡೆ ಸುರಿದ ಕಡಲ್ಗೋಡೆಯ ಬಂಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೂ ಪಕ್ಕದ ದಡವನ್ನೂ ಕೊರೆಯುತ್ತದೆ. ಬರುವ ಮರಳೇ ನಿಂತಲ್ಲಿ ಬಳ್ಳಿಗೆ ಕೂಡಿಡಲು ಏನೂ ಇರುವುದಿಲ್ಲ.