ಹೃದಯದ ಸಹಜಪಥ
ಹೃತ್ಕರ್ಣದಲ್ಲಿ ಹುಟ್ಟಿದ ವಿದ್ಯುತ್ಪ್ರೇರಣೆಯನ್ನು ಹೃತ್ಕುಕ್ಷಿಗಳಿಗೆ ಒಯ್ಯುವ ಸೂಕ್ಷ್ಮ ತಂತುಗುಚ್ಛವನ್ನು 1893ರಲ್ಲಿಯೇ ವಿಲ್‌ಹೆಲ್ಮ್ ಹಿಸ್ ಎಂಬ ವೈದ್ಯನು ವರ್ಣಿಸಿದ್ದನು. ಆದರೂ ಪೇಸ್‌ಮೇಕರಿನ ತಂತಿಯನ್ನು ಬಲ ಹೃತ್ಕುಕ್ಷಿಯ ತುದಿಗೆ ತಗುಲಿಸುವುದೇ ದಶಕಗಳ ಕಾಲ ರೂಢಿಯಾಗಿದ್ದು, ಅಲ್ಲಿಂದ ಹೊರಟ ಪ್ರೇರಣೆಯು ಸ್ನಾಯುವಿನೊಳಗೆ ಮಂದಗತಿಯಿಂದ ಹರಡಿ, ಎಡಬಲಗಳು ಒಡಗೂಡಿ ಸಂಕುಚಿಸದೆ, ಕೆಲವರ ಹೃದಯವು ಕ್ರಮೇಣ ಬಲಗುಂದುತ್ತಿದ್ದಿತು.

ಈ ತೊಡಕನ್ನು ತಪ್ಪಿಸಿ ಪ್ರೇರಣೆಯನ್ನು ಸಹಜಪಥದಲ್ಲಿಯೇ ಸಾಗಿಸಲೆಂದು ಪೆನ್ಸಿಲ್ವೇನಿಯದ ಡಾ. ಪ್ರಮೋದ್ ದೇಶಮುಖ್ ಅವರು, ಹೃದಯದ ವಿದ್ಯುತ್ತನ್ನು ತೋರುವ ಪರದೆಯ ಮೇಲೆ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ಎರಡು ಅಲೆಗಳ ನಡುವೆ ಕಿರುಮೊನೆಯಾಗಿ ಮೂಡುವ, ಹಿಸ್ ವರ್ಣಿಸಿದ್ದ ಆ ಗುಚ್ಛದ ಸಂಕೇತವನ್ನು ಅರಸಿ, ಅಲ್ಲಿಯೇ ತಂತಿಯ ತಿರುಪನ್ನು ನೆಟ್ಟು, 18 ರೋಗಿಗಳ ಪೈಕಿ 12 ಮಂದಿಯಲ್ಲಿ ಸಫಲರಾದ ವೃತ್ತಾಂತವು 2000ದಲ್ಲಿ ಪ್ರಕಟವಾಯಿತು. ಮಿಡಿಯುವ ಹೃದಯದೊಳಗೆ ಅಷ್ಟು ಕಿರಿದಾದ ನೆಲೆಯನ್ನು ಹುಡುಕುವುದು ಅಸಾಮಾನ್ಯ ಸಾಹಸವೇ ಸರಿ.

ಪೇಸ್‌ಮೇಕರ್ ಬೇಕಾದವರು, ತಂತಿಯನ್ನು ಎಲ್ಲಿ ನೆಡುವಿರೆಂದು ತಮ್ಮ ವೈದ್ಯರನ್ನು ಅವಶ್ಯವಾಗಿ ಕೇಳಿರಿ.