ಮಿಲ್ಕಿಂಗ್ ಮಷಿನ್‌ನಲ್ಲಿ ಗಾಳಿ ಸೋರಿಕೆ: ರೆಗ್ಯುಲೇಟರ್ ತಿರುಗಿಸುವ ಮೊದಲು ಪೈಪು ನೋಡಿ

ನಿನ್ನೆಯ ತನಕ ಆರೇಳು ನಿಮಿಷದಲ್ಲಿ ಹಾಲು ಕೊಟ್ಟು ಮುಗಿಸುತ್ತಿದ್ದ ಹಸು ಇವತ್ತು ಹತ್ತು ನಿಮಿಷವಾದರೂ ಮುಗಿಸುತ್ತಿಲ್ಲ. ಕಪ್ಪುಗಳು ಮತ್ತೆ ಮತ್ತೆ ಕಳಚಿ ಬೀಳುತ್ತಿವೆ, ಹಸು ಕಾಲು ಝಾಡಿಸುತ್ತಿದೆ. ಮನೆಯಲ್ಲಿ ಯಾರಾದರೂ ಬಂದು ಪಂಪಿನ ಪಕ್ಕದ ರೆಗ್ಯುಲೇಟರನ್ನು ಎರಡು ಸುತ್ತು ತಿರುಗಿಸಿ, "ಈಗ ಹಾಕಿ ನೋಡು" ಎನ್ನುತ್ತಾರೆ. ಸಹೋದರಿಯರೇ, ಅದಕ್ಕೆ ಅವಕಾಶ ಕೊಡಬೇಡಿ.

ಯಂತ್ರ ಹಾಲು ಕರೆಯುವುದು ವ್ಯಾಕ್ಯೂಮ್‌ನಿಂದ. ಪಂಪು ಪೈಪಿನೊಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ, ಆ ಸೆಳೆತಕ್ಕೆ ಹಾಲು ಬರುತ್ತದೆ. ಎಲ್ಲೋ ಒಂದು ಪೈಪು ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೋರಿಕೆ ಚಿಕ್ಕದಿದ್ದಾಗ ರೆಗ್ಯುಲೇಟರ್ ತಾನೇ ಅಷ್ಟು ಮುಚ್ಚಿಕೊಂಡು ಸರಿದೂಗಿಸುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಮೀಟರಿನ ಮುಳ್ಳು ಇಳಿಯುವ ಹೊತ್ತಿಗೆ ರೆಗ್ಯುಲೇಟರ್ ಪೂರ್ತಿ ಮುಚ್ಚಿರುತ್ತದೆ. ಆಮೇಲೆ ಅದನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಆದರೆ ಬಿರುಕು ಎಲ್ಲ ಹೊತ್ತೂ ಬಾಯಿ ಬಿಟ್ಟಿರುವುದಿಲ್ಲ. ಪೈಪು ಸ್ವಲ್ಪ ಮಗ್ಗುಲಾದರೆ ಮುಚ್ಚಿಕೊಳ್ಳುತ್ತದೆ. ಆಗ ನೀವು ತಿರುಗಿಸಿಟ್ಟ ಹೆಚ್ಚಿನ ಸೆಳೆತವೆಲ್ಲ ನೇರವಾಗಿ ಹಸುವಿನ ತೊಟ್ಟಿಗೆ ಬೀಳುತ್ತದೆ. ಕಪ್ಪು ತೆಗೆದಾಗ ತೊಟ್ಟು ನೀಲಿಗಟ್ಟಿದ್ದರೆ, ಬುಡದಲ್ಲಿ ಬಳೆಯಂಥ ಗುರುತು ಬಿದ್ದಿದ್ದರೆ, ತುದಿ ಒರಟಾಗಿ ಗಂಟಾಗಿದ್ದರೆ ಈ ಅನುಮಾನ ಬರಬೇಕು.

ಸೆಳೆತ ಕಡಿಮೆಯಾದರೂ ಅಪಾಯವೇ. ಕಪ್ಪು ಜಾರಿ "ಚೀ" ಎಂದು ಸದ್ದಾದಾಗ ಒಳನುಗ್ಗುವ ಗಾಳಿ, ಹಾಲಿನ ಹನಿಗಳನ್ನು ಉಳಿದ ತೊಟ್ಟುಗಳ ತುದಿಗೆ ರಭಸವಾಗಿ ಹೊಡೆಯುತ್ತದೆ. ಒಂದು ತೊಟ್ಟಿನಲ್ಲಿ ಸೋಂಕಿದ್ದರೆ ಅದು ಇನ್ನೊಂದಕ್ಕೆ ದಾಟುವುದು ಹೀಗೆಯೇ. ಕೆಚ್ಚಲು ಬಾವು ಬಂದರೆ ಔಷಧಿಯ ಖರ್ಚು ಒಂದು ಕಡೆ, ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕುವಂತಿಲ್ಲದ ಹಾಲು ಇನ್ನೊಂದು ಕಡೆ.

ಹುಡುಕುವ ಮೊದಲು, ಯಾವುದು ಸೋರಿಕೆ ಅಲ್ಲ ಎಂದು ತಿಳಿದಿರಲಿ. ರೆಗ್ಯುಲೇಟರ್ ಬಳಿ "ಸುಯ್" ಎಂಬ ಸದ್ದು ಇದ್ದೇ ಇರುತ್ತದೆ, ಇರಬೇಕು ಕೂಡ. ಪಂಪಿನಲ್ಲಿ ಇನ್ನೂ ಶಕ್ತಿ ಮಿಕ್ಕಿದೆ ಎಂದು ಅದರ ಅರ್ಥ. ಹಾಲು ಕರೆಯುವಾಗ ಅಲ್ಲಿ ಸದ್ದೇ ಇಲ್ಲದಿದ್ದರೆ ಆಗ ಅನುಮಾನಿಸಿ. ಪಲ್ಸೇಟರ್ "ಟಿಕ್ ಟಿಕ್" ಎಂದಾಗಲೂ ಗಾಳಿ ಒಳಗೆ ಹೋಗುತ್ತದೆ. ಇನ್ನು ನಾಲ್ಕು ಕಪ್ಪು ಸೇರುವ ಕ್ಲಾ ಎಂಬ ಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಇರುತ್ತದೆ. ಅದನ್ನು ಸೋರಿಕೆ ಎಂದುಕೊಂಡು ಮೇಣ ಹಾಕಿ ಮುಚ್ಚುವವರಿದ್ದಾರೆ. ಹಾಲು ಕ್ಲಾದಲ್ಲಿ ನಿಲ್ಲದೆ ಕ್ಯಾನಿಗೆ ಹರಿಯಲಿ ಎಂದೇ ಆ ತೂತು ಬಿಟ್ಟಿರುವುದು. ಕಟ್ಟಿಕೊಂಡಿದ್ದರೆ ಬಿಡಿಸಬೇಕು, ಮುಚ್ಚಬಾರದು.

ಈಗ ಹಸು ಇಲ್ಲದ ಹೊತ್ತಿನಲ್ಲಿ ಮೋಟರ್ ಹಾಕಿ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಬೆಲ್ಟಿನ ಹತ್ತಿರ ಕೈ ಬೇಡ. ಪಂಪಿನಿಂದ ಕ್ಯಾನಿಗೆ ಬರುವ ಉದ್ದ ಪೈಪಿನ ನಲ್ಲಿ ಮುಚ್ಚಿ. ನಲ್ಲಿ ಇಲ್ಲದಿದ್ದರೆ ಪೈಪನ್ನು ಪಂಪಿನ ಹತ್ತಿರವೇ ಮಡಚಿ ಗಟ್ಟಿಯಾಗಿ ಹಿಡಿಯಿರಿ. ಮೀಟರ್ ನೋಡಿ. ಕ್ಯಾನ್ ಮಾದರಿಯ ಯಂತ್ರಗಳಲ್ಲಿ ಮುಳ್ಳು ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ನಡುವೆ, ಅಂದರೆ 300ರಿಂದ 375 ಮಿಲಿಮೀಟರ್ ಪಾದರಸದಲ್ಲಿ ನಿಲ್ಲುತ್ತದೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಕೊಟ್ಟಿರುವ ಅಂಕಿಯೇ ನಿಮಗೆ ಲೆಕ್ಕ. ಹೀಗೆ ಹಿಡಿದಾಗ ಮುಳ್ಳು ತನ್ನ ಜಾಗಕ್ಕೆ ಬಂದರೆ ಪಂಪು ಸರಿ ಇದೆ, ಸೋರಿಕೆ ಕ್ಯಾನಿನ ಕಡೆ ಇದೆ. ಬಾರದಿದ್ದರೆ ಬೆಲ್ಟು ಸಡಿಲ, ಪಂಪಿನ ಎಣ್ಣೆ, ಟ್ಯಾಂಕಿನ ತಳದ ನೀರು ಬಿಡುವ ವಾಲ್ವು, ಧೂಳು ತುಂಬಿದ ರೆಗ್ಯುಲೇಟರ್, ಇವುಗಳಲ್ಲಿ ಒಂದು. ಕರೆಂಟು ಕಡಿಮೆ ವೋಲ್ಟೇಜಿನಲ್ಲಿ ಬರುತ್ತಿದ್ದರೂ ಹೀಗಾಗುತ್ತದೆ.

ಪಂಪು ಸರಿ ಇದ್ದರೆ ಮುಂದಕ್ಕೆ ಹೋಗಿ. ಈಗ ಪೈಪನ್ನು ಕ್ಯಾನಿನ ಮುಚ್ಚಳದ ಹತ್ತಿರ ಮಡಚಿ. ಆಗ ಮುಳ್ಳು ಇಳಿದರೆ ಆ ಉದ್ದ ಪೈಪಿನಲ್ಲೇ ಬಿರುಕು. ಇಳಿಯದಿದ್ದರೆ ಪೈಪು ಬಿಟ್ಟು, ಕ್ಲಾದ ವಾಲ್ವನ್ನು ಮುಚ್ಚಿ ನೋಡಿ. ಆಗ ಇಳಿದರೆ ಮೊದಲು ಮುಚ್ಚಳದ ವಾಷರ್ ನೋಡಿ. ಹಿಂಡಿಯ ಪುಡಿ, ಒಂದು ಕೂದಲು ಅಂಟಿದ್ದರೂ ಸಾಕು. ಹೀಗೆ ಒಂದೊಂದೇ ಮೆಟ್ಟಿಲು ಮುಂದೆ ಹೋದರೆ, ಮುಳ್ಳು ಎಲ್ಲಿ ಬಿತ್ತೋ ಅಲ್ಲೇ ಕಳ್ಳ ಇರುತ್ತಾನೆ.

ರಬ್ಬರ್ ಪೈಪು ಸಾಮಾನ್ಯವಾಗಿ ನಡುವೆ ಒಡೆಯುವುದಿಲ್ಲ, ನಳಿಕೆಗೆ ಸಿಕ್ಕಿಸಿದ ಬಾಯಿಯಲ್ಲಿ ಸೀಳುತ್ತದೆ. ಬಾಯಿಯ ಬಳಿ ಬಗ್ಗಿಸಿದರೆ ಗೆರೆಗಳು ಕಾಣುತ್ತವೆ. ಕಾಣದಿದ್ದರೆ ಸೋಪಿನ ನೊರೆ ಹಚ್ಚಿ. ಗ್ಯಾಸ್ ಸಿಲಿಂಡರಿನಲ್ಲಿ, ಸೈಕಲ್ ಟ್ಯೂಬಿನಲ್ಲಿ ಗುಳ್ಳೆ ಹೊರಕ್ಕೆ ಉಬ್ಬುತ್ತದೆ. ಇಲ್ಲಿ ಉಲ್ಟಾ, ನೊರೆ ಒಳಕ್ಕೆ ಎಳೆದುಕೊಂಡು ಮಾಯವಾಗುತ್ತದೆ. ಪೆಟ್ರೋಲ್ ಕಾರಿನ ಎಂಜಿನ್ನಿಗೂ ಇದೇ ಕಾಯಿಲೆ ಇದೆ: ವ್ಯಾಕ್ಯೂಮ್ ಪೈಪು ಸೀಳಿದರೆ ಎಂಜಿನ್ ನಿಂತಲ್ಲೇ ತಡವರಿಸುತ್ತದೆ. ಕೆಲವು ಮೆಕ್ಯಾನಿಕ್‌ಗಳು ಉರಿಯುವ ಸ್ಪ್ರೇ ಹೊಡೆದು, ಎಂಜಿನ್ ಸದ್ದು ಎಲ್ಲಿ ಬದಲಾಯಿತು ಎಂದು ಪತ್ತೆ ಮಾಡುತ್ತಾರೆ. ಊರಿನ ಗ್ಯಾರೇಜಿನವರು ಸಹಾಯಕ್ಕೆ ಬಂದರೆ ಆ ಸ್ಪ್ರೇ ಮಾತ್ರ ಕೊಟ್ಟಿಗೆಯೊಳಗೆ ಬೇಡ. ಮೋಟರಿನ ಕಿಡಿಯ ಭಯ, ಜೊತೆಗೆ ಹಾಲಿನ ಪೈಪಿಗೆ ವಿಷ.

ಕೊನೆಗೆ ಕಪ್ಪುಗಳು. ಮೂರನ್ನು ಮಡಚಿ ಬಿಟ್ಟು ಒಂದರೊಳಗೆ ಹೆಬ್ಬೆರಳು ಇಡಿ. ಹಿಂಡಿದಂತೆ, ಬಿಟ್ಟಂತೆ ಗೊತ್ತಾಗಬೇಕು, ನಿಮಿಷಕ್ಕೆ ಸುಮಾರು 60 ಸಲ. ಗಡಿಯಾರ ಹಿಡಿದು ಎಣಿಸಿ, ನಾಲ್ಕರಲ್ಲೂ ನೋಡಿ. ಒಂದರಲ್ಲಿ ಮಾತ್ರ ಹಿಡಿತ ಮಂಕಾಗಿದ್ದರೆ ಅದರ ಚಿಕ್ಕ ಪೈಪು ಅಥವಾ ಲೈನರ್ ಹರಿದಿದೆ. ಗಾಳಿ ಮಾತ್ರ ಓಡಾಡಬೇಕಾದ ಪಲ್ಸ್ ಪೈಪಿನಲ್ಲಿ ಹಾಲು ಕಂಡರಂತೂ ಲೈನರ್ ಹರಿದಿರುವುದು ಖಚಿತ.

ಸೀಳಿದ ಬಾಯನ್ನು ಒಂದಿಂಚು ಕತ್ತರಿಸಿ, ಉದ್ದ ಸಾಲುವುದಾದರೆ ಮತ್ತೆ ಸಿಕ್ಕಿಸಬಹುದು. ಟೇಪು, ಸೈಕಲ್ ಟ್ಯೂಬು ಸುತ್ತುವುದೆಲ್ಲ ಆ ಹೊತ್ತಿನ ಹಾಲಿಗೆ ಮಾತ್ರ. ಹಾಲು ಹರಿಯುವ ಪೈಪಿಗೆ ಬದಲಾಗಿ ತೋಟದ ಪೈಪು ಹಾಕಲೇಬೇಡಿ. ರಬ್ಬರ್ ಲೈನರ್‌ಗೆ 2500 ಸಲ ಕರೆಯುವಷ್ಟು ಆಯುಸ್ಸು ಎಂಬುದು ರೂಢಿಯ ಲೆಕ್ಕ. ನಾಲ್ಕು ಹಸು, ದಿನಕ್ಕೆ ಎರಡು ಹೊತ್ತು ಎಂದರೆ ದಿನಕ್ಕೆ 8, ಹತ್ತು ತಿಂಗಳಿಗೆ ಮುಗಿಯಿತು. ಆದರೆ ಹಸು ಕಡಿಮೆ ಇದ್ದರೂ ರಬ್ಬರ್ ತಾನಾಗಿ ಗಡುಸಾಗುತ್ತದೆ, ಆದ್ದರಿಂದ ಆರು ತಿಂಗಳಿಗೆ ಬದಲಿಸುವುದು ಒಳ್ಳೆಯದು. ಹಾಕಿದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

ಇಷ್ಟರಲ್ಲೂ ಸಿಗದಿದ್ದರೆ ಮೆಕ್ಯಾನಿಕ್ಕಿಗೆ ಫೋನು ಮಾಡಿ. "ಮಷಿನ್ ಕೆಟ್ಟಿದೆ" ಎಂದಷ್ಟೇ ಹೇಳದೆ, ಯಾವ ಪೈಪು ಮಡಚಿದಾಗ ಮುಳ್ಳು ಎಷ್ಟಕ್ಕೆ ನಿಂತಿತು ಎಂದು ಹೇಳಿ. ಬೇಕಾದ ಸಾಮಾನು ತೆಗೆದುಕೊಂಡೇ ಬರುತ್ತಾರೆ. ಅವರು ಬರುವ ತನಕ ಕೈಯಲ್ಲೇ ಕರೆಯಿರಿ.