ಡಿಂಗ ಮಲಯಾಳಿಯಂತೆ, ನಿಮಗೆ ಗೊತ್ತಿತ್ತಾ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗಾಗಿ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ. ಇವತ್ತು ಕೋಡಿಂಗ್ ವಿಷಯ ಇಲ್ಲ. ಬೇಸಿಗೆ ರಜೆಯ ಓದಿನ ಬಗ್ಗೆ ಮಾತಾಡೋಣ.

ನಾನಿರೋದು ತಿರುವನಂತಪುರದ ಕಳಕ್ಕೂಟಂನಲ್ಲಿ, ಟೆಕ್ನೋಪಾರ್ಕಿನ ಪಕ್ಕ. ಏಪ್ರಿಲ್‌ನಲ್ಲಿ ಪುತ್ತೂರಿನಿಂದ ಅಕ್ಕನ ಮಗಳು ರಜೆಗೆ ಬಂದಿದ್ದಳು. ಹತ್ತು ವರ್ಷದವಳು. ಒಂದು ಸಂಜೆ ನಾನು ಬಾಲ್ಕನಿಯಲ್ಲಿ ತೇಜಸ್ವಿಯವರ 'ಕರ್ವಾಲೊ' ಹಿಡಿದು ಕೂತಿದ್ದೆ. ಅವಳು ಹಲಸಿನ ಹಪ್ಪಳ ತಿನ್ನುತ್ತಾ ನನ್ನನ್ನೇ ನೋಡುತ್ತಿದ್ದಳು. "ಮಾವಾ, ಆಗಿನಿಂದ ಅದೇ ಪುಟ ಅಲ್ವಾ ಅದು?" ಅಂದಳು.

ಹೌದು, ಅದೇ ಪುಟ. ನಡುವೆ ನಾಲ್ಕು ಸಲ ಫೋನ್ ನೋಡಿದ್ದೆ. ಹೈಸ್ಕೂಲ್ ರಜೆಯಲ್ಲಿ ಊಟದ ಮಧ್ಯೆಯೂ ಕೆಳಗಿಡದೆ ಓದಿದ್ದ ಪುಸ್ತಕ ಅದು. ಎಂಟೆಕ್ ಮಾಡಿದವನಿಗೆ ಈಗ ಓದೋಕೆ ಬರ್ತಾ ಇಲ್ಲ! ಅವತ್ತು ನಗಾಡಿಬಿಟ್ಟೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ.

ನೋಡಿ, ದಿನವಿಡೀ ನಾನು ಓದೋದು ಕಡಿಮೆಯೇನಲ್ಲ. ಡಾಕ್ಯುಮೆಂಟೇಷನ್, ಎರರ್ ಲಾಗ್, ಸ್ಟ್ಯಾಕ್ ಓವರ್‌ಫ್ಲೋ ಉತ್ತರಗಳು. ಆದರೆ ಅದೆಲ್ಲ ಹುಡುಕಾಟ. ಬೇಕಾದ ಸಾಲು ಸಿಕ್ಕಿದ ತಕ್ಷಣ ಉಳಿದದ್ದನ್ನು ಬಿಟ್ಟು ಓಡಬೇಕು, ಅದೇ ಜಾಣತನ. 2006ರಲ್ಲಿ ಜೇಕಬ್ ನೀಲ್ಸನ್ ತಂಡ 232 ಜನರ ಕಣ್ಣಿನ ಚಲನೆಯನ್ನು ಅಳೆದು ನೋಡಿತ್ತು. ವೆಬ್ ಪುಟದಲ್ಲಿ ಕಣ್ಣು ಮೇಲಿನ ಒಂದೆರಡು ಸಾಲು ಅಡ್ಡಕ್ಕೆ ಹೋಗಿ, ಆಮೇಲೆ ಎಡಗಡೆ ಅಂಚಿನಲ್ಲೇ ಸರ್ರನೆ ಕೆಳಗಿಳಿಯುತ್ತದೆ. ಇಂಗ್ಲಿಷಿನ 'ಎಫ್' ಅಕ್ಷರದ ಆಕಾರ. ನಾನು 'ಕರ್ವಾಲೊ'ವನ್ನೂ ಹಾಗೇ ಓದುತ್ತಿದ್ದೆ! ಮಂದಣ್ಣ, ಜೇನು, ಕಿವಿ ಅನ್ನೋ ನಾಯಿ... ಇದರಲ್ಲಿ ಪಾಯಿಂಟ್ ಎಲ್ಲಿದೆ ಅಂತ. ಹಾರುವ ಓತಿಯ ಹತ್ತಿರ ಹೋಗೋಕೆ ಆ ಕಾದಂಬರಿಗೆ ಅವಸರವೇ ಇಲ್ಲ. ದಾರಿಯಲ್ಲಿ ಅಲೆಯೋದರಲ್ಲೇ ಅದರ ಮಜಾ ಇರೋದು. ಅಂಥ ಪುಸ್ತಕದಲ್ಲಿ ಕಂಟ್ರೋಲ್-ಎಫ್ ಒತ್ತಿದರೆ ಏನು ಸಿಗುತ್ತೆ?

ಓದಿನ ಬಗ್ಗೆ ಸಂಶೋಧನೆ ಮಾಡುವ ಮೇರಿಯಾನ್ ವುಲ್ಫ್ ಅವರಿಗೂ ಇದೇ ಆಗಿತ್ತು ಅನ್ನೋದು ನನಗೆ ದೊಡ್ಡ ಸಮಾಧಾನ. 2018ರ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಒಂದು ಕಾಲಕ್ಕೆ ತುಂಬಾ ಇಷ್ಟಪಟ್ಟಿದ್ದ ಹೆಸ್ಸೆಯ ಕಾದಂಬರಿಯನ್ನು ಮತ್ತೆ ಹಿಡಿದರೆ ಓದೋಕೇ ಆಗಲಿಲ್ಲವಂತೆ. ಆಮೇಲೆ ದಿನಕ್ಕೆ 20 ನಿಮಿಷದಂತೆ ಕೂತು, ಸುಮಾರು ಎರಡು ವಾರದಲ್ಲಿ ಹಳೆಯ ವೇಗಕ್ಕೆ, ಅಂದರೆ ಹಳೆಯ ನಿಧಾನಕ್ಕೆ, ಮರಳಿದರು. ಅವರ ವಿವರಣೆ ಸರಳ: ಮಾತಾಡೋದು ಮನುಷ್ಯನಿಗೆ ಹುಟ್ಟಿನಿಂದ ಬರುವ ಶಕ್ತಿ, ಓದು ಹಾಗಲ್ಲ. ನೋಡುವ, ಕೇಳುವ, ಅರ್ಥ ಮಾಡಿಕೊಳ್ಳುವ ಭಾಗಗಳನ್ನು ಜೋಡಿಸಿ ಮಿದುಳು ಓದೋದಕ್ಕೊಂದು ಸರ್ಕ್ಯೂಟ್ ಕಟ್ಟಿಕೊಳ್ಳುತ್ತೆ. ಯಾವ ಥರ ಓದ್ತೀವೋ ಅದಕ್ಕೆ ತಕ್ಕಂತೆ ಅದು ಬದಲಾಗುತ್ತೆ.

ನಾನೂ 20 ನಿಮಿಷ ಅಂತ ಟೈಮರ್ ಇಟ್ಟೆ. ಮೂರೇ ದಿನಕ್ಕೆ ಅದೂ ಒಂದು ಟಾಸ್ಕ್ ಆಗಿಬಿಡ್ತು.

ದಾರಿ ಸಿಕ್ಕಿದ್ದು ಚಹಾದಂಗಡಿಯಲ್ಲಿ. ಚಿಕ್ಕವನಿದ್ದಾಗ ರಜೆಯಲ್ಲಿ 'ಬಾಲಮಂಗಳ' ಬರೋದನ್ನೇ ಕಾಯ್ತಿದ್ದೆ, ಡಿಂಗ ಅಂತ ಒಂದು ಇಲಿ, ಹಾರಿಕೊಂಡು ಬಂದು ಎಲ್ಲರನ್ನೂ ಕಾಪಾಡ್ತಿತ್ತು ಅಂತ ಸಹೋದ್ಯೋಗಿಗೆ ಹೇಳ್ತಿದ್ದೆ. ಅವನು ಗ್ಲಾಸ್ ಕೆಳಗಿಟ್ಟು "ಡಿಂಗನ್!" ಅಂತ ಕೂಗಿದ. ಆಮೇಲೆ ತಿಳೀತು, ನಮ್ಮ ಡಿಂಗ 1983ರಲ್ಲಿ ಮಲಯಾಳದ 'ಬಾಲಮಂಗಳಂ'ನಲ್ಲಿ ಹುಟ್ಟಿದವನು. ಎನ್. ಸೋಮಶೇಖರನ್ ಕತೆ, ಬೇಬಿ ಚಿತ್ರ. ಕನ್ನಡದ್ದೂ ಕೋಟ್ಟಯಂನ ಅದೇ ಮಂಗಳಂ ಸಂಸ್ಥೆಯಿಂದಲೇ ಬರ್ತಿತ್ತು. ಇಪ್ಪತ್ತೈದು ವರ್ಷ ಅವನನ್ನು ಪುತ್ತೂರು ಕಡೆಯವನೇ ಅಂದುಕೊಂಡಿದ್ದೆ! ಈಗ ಇಲ್ಲಿನ ವಿಚಾರವಾದಿಗಳು ತಮಾಷೆಗೆ ಅವನನ್ನು ದೇವರನ್ನಾಗಿಯೂ ಮಾಡಿಕೊಂಡಿದ್ದಾರೆ.

ಅವತ್ತು ಸಂಜೆ ಮನೆಗೆ ಬರುವಾಗ ಒಂದು ವಿಷಯ ಹೊಳೀತು. ಡಿಂಗನನ್ನು ಓದಿದಾಗ ಅದರಿಂದ ನಾನು ಏನೂ ಕಲೀಬೇಕಾಗಿರಲಿಲ್ಲ. ಪರೀಕ್ಷೆ ಮುಗಿದಿತ್ತು, ಯಾರೂ ಕೇಳ್ತಿರಲಿಲ್ಲ. ಕೇರಳ ಓದಿಗೆ ದೊಡ್ಡ ಮರ್ಯಾದೆ ಕೊಡುವ ನಾಡು, ಅದರಲ್ಲಿ ಎರಡು ಮಾತಿಲ್ಲ. ಪಿ. ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19 ಇಲ್ಲಿ ವಾಯನಾ ದಿನ. 'ಓದಿ ಬೆಳೆಯಿರಿ' ಅನ್ನೋದು ಆ ಚಳವಳಿಯ ಘೋಷಣೆ. ಓದೋಕೇ ಬಾರದ ಊರುಗಳಿಗೆ ಅದು ಬೇಕಾಗಿದ್ದ ಮಾತು. ನನ್ನ ಕತೆ ಉಲ್ಟಾ: ಬೆಳೆಯೋಕೆ ಅಂತಲೇ ಓದಿ ಓದಿ ನಾನು ಕೆಟ್ಟೆ. ಆ ವರ್ಷ ಕೊಂಡ ಪುಸ್ತಕಗಳೆಲ್ಲ ನನ್ನನ್ನು ಸುಧಾರಿಸೋಕೆ ಬಂದವು.

ಟೈಮರ್ ತೆಗೆದೆ. ಮೇ ತಿಂಗಳ ಒಂದು ಗುಡುಗು ಮಳೆಗೆ ಕರೆಂಟು ಹೋಯ್ತು, ಫೋನಲ್ಲೂ ಚಾರ್ಜ್ ಇರಲಿಲ್ಲ. ಎಮರ್ಜೆನ್ಸಿ ಲೈಟ್ ಹಚ್ಚಿ 'ಕರ್ವಾಲೊ'ವನ್ನು ಮೊದಲಿನಿಂದ ಅವಳಿಗೆ ಜೋರಾಗಿ ಓದಿದೆ. ಜೋರಾಗಿ ಓದುವಾಗ ಸಾಲು ಹಾರಿಸೋಕೆ ಆಗಲ್ಲ, ಗಮನಿಸಿ. ಕಿವಿಯ ಅವಾಂತರಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕರೆಂಟು ಬಂದದ್ದು ಯಾವಾಗ ಅಂತ ನನಗೆ ಗೊತ್ತೇ ಆಗಲಿಲ್ಲ.

ರಜೆ ಮುಗಿದು ಅವಳು ಮಲಬಾರ್ ಎಕ್ಸ್‌ಪ್ರೆಸ್ ಹತ್ತುವಾಗ ಇನ್ನೂ ಅರ್ಧ ಪುಸ್ತಕ ಬಾಕಿ ಇತ್ತು. ಪುಸ್ತಕ ಅವಳ ಬ್ಯಾಗಿನಲ್ಲೇ ಹೋಯ್ತು. "ಮುಂದೇನಾಯ್ತು ಅಂತ ಫೋನಲ್ಲಿ ಹೇಳ್ಬೇಡ" ಅಂತ ಅವಳಿಗೆ ಹೇಳಿ, ನಾನೊಂದು ಪ್ರತಿ ಬೆಂಗಳೂರಿನಿಂದ ತರಿಸಿಕೊಂಡೆ.